ನ್ಯುಮೋನಿಯಾ: ಮನೆಯಲ್ಲೇ ಔಷಧವೋ, ಆಸ್ಪತ್ರೆಗೆ ದಾಖಲೋ?



ಕಳೆದ ಮಳೆಗಾಲದಲ್ಲಿ ನಮ್ಮ ಕಾರ್ಯಕ್ಷೇತ್ರದ ಒಂದೇ ಊರಿನ ಎರಡು ಮನೆಗಳಿಗೆ ಒಂದೇ ಕಾಯಿಲೆ ಬಂತು. ಮೊದಲನೆಯ ಮನೆಯಲ್ಲಿ ಮೂವತ್ತು ದಾಟಿದ ಗಟ್ಟಿಮುಟ್ಟಾದ ಮಗ. 103 ಡಿಗ್ರಿ ಜ್ವರ, ಕೆಮ್ಮು, ಕೆಮ್ಮಿದಾಗ ಎದೆಯ ಒಂದು ಪಕ್ಕ ಚುಚ್ಚಿದ ಹಾಗೆ ನೋವು. ಮನೆಯವರು ಹೆದರಿ ಸಂಘದಿಂದ ತುರ್ತು ಸಾಲ ತೆಗೆದು ಪೇಟೆಗೆ ಕರೆದುಕೊಂಡು ಹೋದರು. ‘ಮಾತ್ರೆ ಸಾಕು, ಮನೆಗೆ ಹೋಗಿ’ ಎಂದು ಡಾಕ್ಟರು ಹೇಳಿದರೂ ಕೇಳದೆ, ಹಠ ಹಿಡಿದು ಅಡ್ಮಿಟ್ ಮಾಡಿಸಿ ಐದು ದಿನ ಡ್ರಿಪ್ ಹಾಕಿಸಿಕೊಂಡು ಬಂದರು. ಹುಡುಗ ಚೆನ್ನಾಗಿದ್ದಾನೆ. ಸಾಲದ ಕಂತು ಇನ್ನೂ ಮುಗಿದಿಲ್ಲ.

ಎರಡನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ. ಜ್ವರವೇ ಇರಲಿಲ್ಲ. ಕೆಮ್ಮೂ ಅಷ್ಟಕ್ಕಷ್ಟೇ. ಎರಡು ದಿನದಿಂದ ಗಂಜಿ ಬೇಡ ಎನ್ನುತ್ತಿದ್ದರು, ಸೊಸೆಯನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ‘ವಯಸ್ಸಾಯ್ತು, ಅರಳುಮರಳು’ ಅಂತ ಮನೆಯವರು ಅಂದುಕೊಂಡರು. ಮೂರನೆಯ ದಿನ ಉಸಿರು ಮೇಲೆ ಕೆಳಗೆ ಆಗತೊಡಗಿದಾಗ ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದರು. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಮಾರನೆಯ ರಾತ್ರಿ ಅವರು ತೀರಿಕೊಂಡರು.

ಆಮೇಲೆ ಸಂಘದ ಸಭೆಯಲ್ಲಿ ಆ ಸೊಸೆ ಒಂದು ಪ್ರಶ್ನೆ ಕೇಳಿದರು. “ಜ್ವರವೇ ಇರ್ಲಿಲ್ವಲ್ಲ, ನಮಗೆ ಹೇಗೆ ಗೊತ್ತಾಗ್ಬೇಕಿತ್ತು?” ಸಭೆಯಲ್ಲಿದ್ದ ನಮಗೆ ಆಗ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಡಾಕ್ಟರುಗಳನ್ನು, ನರ್ಸ್‌ಗಳನ್ನು ಕೇಳಿ ತಿಳಿದುಕೊಂಡೆವು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನ್ಯುಮೋನಿಯಾ ಎಂದರೇನು?

ನಮ್ಮ ಶ್ವಾಸಕೋಶದ ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಗಾಳಿಚೀಲಗಳಿವೆ. ನಾವು ಎಳೆದುಕೊಂಡ ಉಸಿರಿನಲ್ಲಿರುವ ಆಮ್ಲಜನಕ ಈ ಚೀಲಗಳ ತೆಳುಗೋಡೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಬ್ಯಾಕ್ಟೀರಿಯಾ, ವೈರಸ್ ಮೊದಲಾದ ರೋಗಾಣುಗಳು ಅಲ್ಲಿಗೆ ಇಳಿದು ಬೆಳೆದಾಗ ಗಾಳಿಚೀಲಗಳಲ್ಲಿ ಗಾಳಿಯ ಬದಲು ಕೀವು, ನೀರು ತುಂಬಿಕೊಳ್ಳುತ್ತದೆ. ಇದೇ ನ್ಯುಮೋನಿಯಾ. ಗಾಳಿ ಹೋಗುವ ಜಾಗ ಕಡಿಮೆಯಾದದ್ದರಿಂದ ದೇಹವು ಉಸಿರಾಟದ ವೇಗವನ್ನು ಹೆಚ್ಚಿಸಿ ನಷ್ಟವನ್ನು ತುಂಬಿಕೊಳ್ಳಲು ನೋಡುತ್ತದೆ. ಆದ್ದರಿಂದಲೇ ಈ ಕಾಯಿಲೆಯಲ್ಲಿ ಜ್ವರಕ್ಕಿಂತಲೂ ಉಸಿರಿನ ಲೆಕ್ಕ ಹೆಚ್ಚು ಮಾತಾಡುತ್ತದೆ.

ಸಾಮಾನ್ಯವಾಗಿ ಜ್ವರ, ಚಳಿ, ಕಫದ ಕೆಮ್ಮು, ಎದೆನೋವು, ಏದುಸಿರು ಕಾಣಿಸುತ್ತವೆ. ಆದರೆ ವಯಸ್ಸಾದವರಲ್ಲಿ ಜ್ವರ ಬಾರದೆಯೂ ಇರಬಹುದು. ಊಟ ಬಿಡುವುದು, ಸುಸ್ತು, ಬೀಳುವುದು, ಇದ್ದಕ್ಕಿದ್ದಂತೆ ತಪ್ಪುತಪ್ಪಾಗಿ ಮಾತಾಡುವುದು, ಇಷ್ಟೇ ಕಾಣಿಸಬಹುದು. ಎರಡನೆಯ ಮನೆಯಲ್ಲಿ ಆದದ್ದು ಇದೇ.

ವೈದ್ಯರು ತೂಗಿ ನೋಡುವುದು ಹೇಗೆ?

ನ್ಯುಮೋನಿಯಾ ಬಂದವರೆಲ್ಲರೂ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಎಷ್ಟೋ ಜನ ಮಾತ್ರೆಯಲ್ಲೇ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ಆಮ್ಲಜನಕ, ನರದ ಇಂಜೆಕ್ಷನ್, ಕೆಲವೊಮ್ಮೆ ಐ.ಸಿ.ಯು. ಬೇಕಾಗುತ್ತದೆ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ರೋಗಿಯ ಮುಖ ನೋಡಿ ಅಂದಾಜು ಮಾಡಿದರೆ ತಪ್ಪಾಗುವ ಸಂಭವ ಉಂಟು. ಹಾಗಾಗಿ ವೈದ್ಯರು ಅಂಕ ಕೊಡುವ ಪದ್ಧತಿಗಳನ್ನು ಮಾಡಿಕೊಂಡಿದ್ದಾರೆ.

ಅವುಗಳಲ್ಲಿ ಸರಳವಾದದ್ದು ‘ಕರ್ಬ್-65’. ಬ್ರಿಟನ್, ನ್ಯೂಜಿಲೆಂಡ್, ನೆದರ್‌ಲ್ಯಾಂಡ್ಸ್ ದೇಶಗಳ ಆಸ್ಪತ್ರೆಗಳಿಗೆ ನ್ಯುಮೋನಿಯಾದಿಂದ ಬಂದ ಸಾವಿರಕ್ಕೂ ಹೆಚ್ಚು ವಯಸ್ಕ ರೋಗಿಗಳ ವಿವರಗಳನ್ನು ಕೂಡಿಸಿ 2003ರಲ್ಲಿ ಇದನ್ನು ಪ್ರಕಟಿಸಲಾಯಿತು. ಇದರಲ್ಲಿ ಐದು ಪ್ರಶ್ನೆಗಳು. ‘ಹೌದು’ ಎಂಬ ಒಂದೊಂದು ಉತ್ತರಕ್ಕೂ ಒಂದು ಅಂಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು.

1. ಗೊಂದಲ: ರೋಗಿಗೆ ಹೊಸದಾಗಿ ಬುದ್ಧಿ ಮಂಕಾಗಿದೆಯೇ? ತಾನು ಎಲ್ಲಿದ್ದೇನೆ, ಎದುರಿಗಿರುವವರು ಯಾರು, ಈಗ ಬೆಳಿಗ್ಗೆಯೋ ಸಂಜೆಯೋ ಎಂದು ತಿಳಿಯುತ್ತಿಲ್ಲವೇ? ಮೆದುಳಿಗೆ ಆಮ್ಲಜನಕ, ರಕ್ತ ಸರಿಯಾಗಿ ತಲುಪುತ್ತಿಲ್ಲ ಎಂಬುದಕ್ಕೆ ಇದು ಗುರುತಾಗಿರಬಹುದು. ಮೊದಲಿನಿಂದಲೂ ಮರೆವು ಇದ್ದವರಲ್ಲಿ, ನಿನ್ನೆ ಮೊನ್ನೆಗಿಂತ ಹೆಚ್ಚಾಗಿದೆಯೇ ಎಂದು ನೋಡಬೇಕು.

2. ಯೂರಿಯಾ: ರಕ್ತ ಪರೀಕ್ಷೆಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಯೂರಿಯಾ ಸುಮಾರು 42 ಮಿಲಿಗ್ರಾಂಗಿಂತ ಹೆಚ್ಚಿದೆಯೇ? ಮೂತ್ರಪಿಂಡದ ಮೇಲೆ ಭಾರ ಬಿದ್ದಿದೆ, ದೇಹದಲ್ಲಿ ನೀರು ಕಡಿಮೆಯಾಗಿದೆ ಎಂಬುದನ್ನು ಇದು ತೋರಿಸುತ್ತದೆ.

3. ಉಸಿರು: ಒಂದು ನಿಮಿಷಕ್ಕೆ 30 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದಾರೆಯೇ? ಆರೋಗ್ಯವಂತ ದೊಡ್ಡವರು ಸುಮ್ಮನೆ ಕುಳಿತಾಗ 12ರಿಂದ 20 ಸಲ ಉಸಿರಾಡುತ್ತಾರೆ.

4. ರಕ್ತದೊತ್ತಡ: ಬಿ.ಪಿ.ಯ ಮೇಲಿನ ಸಂಖ್ಯೆ 90ಕ್ಕಿಂತ ಕಡಿಮೆ, ಇಲ್ಲವೇ ಕೆಳಗಿನ ಸಂಖ್ಯೆ 60 ಅಥವಾ ಅದಕ್ಕಿಂತ ಕಡಿಮೆ ಇದೆಯೇ? ಹಾಗಿದ್ದರೆ ಸೋಂಕು ಶ್ವಾಸಕೋಶವನ್ನು ದಾಟಿ ಇಡೀ ದೇಹಕ್ಕೆ ಹರಡುತ್ತಿರಬಹುದು.

5. ವಯಸ್ಸು: 65 ಅಥವಾ ಅದಕ್ಕಿಂತ ಹೆಚ್ಚೇ?

ಒಟ್ಟು ಅಂಕ 0 ಅಥವಾ 1 ಆದರೆ ಸಾಮಾನ್ಯವಾಗಿ ಮನೆಯಲ್ಲೇ ಚಿಕಿತ್ಸೆ ಸಾಕು. 2 ಆದರೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುವುದು ಒಳ್ಳೆಯದು. 3 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ನ್ಯುಮೋನಿಯಾ, ದಾಖಲು ಮಾಡಲೇಬೇಕು. 4 ಅಥವಾ 5 ಆದರೆ ಐ.ಸಿ.ಯು. ಬೇಕಾಗಬಹುದೇ ಎಂದು ವೈದ್ಯರು ಯೋಚಿಸುತ್ತಾರೆ.

ಈ ಅಂಕಗಳ ಬೆಲೆ ಏನೆಂದು ಆ ಅಧ್ಯಯನವೇ ಹೇಳುತ್ತದೆ. 0 ಅಥವಾ 1 ಅಂಕ ಬಂದವರಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ ಒಬ್ಬರೋ ಇಬ್ಬರೋ. 2 ಅಂಕದವರಲ್ಲಿ ನೂರಕ್ಕೆ ಸುಮಾರು 9 ಜನ. 3 ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 22 ಜನ. ಇದು ಬೇರೆ ದೇಶದ ಲೆಕ್ಕ, ನಮ್ಮೂರಿಗೆ ಅದೇ ಸಂಖ್ಯೆ ಹೊಂದಬೇಕೆಂದಿಲ್ಲ. ಆದರೆ ಅಂಕ ಏರಿದ ಹಾಗೆ ಅಪಾಯ ಏರುತ್ತದೆ ಎಂಬ ಮಾತು ಎಲ್ಲ ಕಡೆಗೂ ಒಂದೇ.

ಈಗ ನಮ್ಮ ಎರಡು ಮನೆಗಳಿಗೆ ಈ ಲೆಕ್ಕ ಹಾಕಿ ನೋಡೋಣ. ಮಗನಿಗೆ ಜ್ವರ 103 ಇತ್ತು ನಿಜ. ಆದರೆ ಮಾತು ಸರಿಯಾಗಿತ್ತು, ಉಸಿರು ನಿಮಿಷಕ್ಕೆ 22, ಬಿ.ಪಿ. ಚೆನ್ನಾಗಿತ್ತು, ರಕ್ತ ಪರೀಕ್ಷೆಯೂ ಸರಿಯಿತ್ತು, ವಯಸ್ಸು ಕಡಿಮೆ. ಅಂಕ ಸೊನ್ನೆ. ಅತ್ತೆಗೆ ಜ್ವರ ಇರಲಿಲ್ಲ. ಆದರೆ ಬುದ್ಧಿ ಗೊಂದಲಕ್ಕೆ ಒಂದು, ವಯಸ್ಸಿಗೆ ಒಂದು. ಮೊದಲನೆಯ ದಿನವೇ ಎರಡು ಅಂಕ ಆಗಿತ್ತು. ಆಸ್ಪತ್ರೆಗೆ ಹೋದಾಗ ಉಸಿರು 34, ಬಿ.ಪಿ. 86. ಅಂದರೆ ರಕ್ತ ಪರೀಕ್ಷೆಗೆ ಮೊದಲೇ ನಾಲ್ಕು ಅಂಕ. ನಾವು ಜ್ವರ ನೋಡಿ ಹೆದರಿದ ಮನೆಯಲ್ಲಿ ಅಪಾಯ ಕಡಿಮೆಯಿತ್ತು. ಜ್ವರ ಇಲ್ಲವೆಂದು ಸುಮ್ಮನಿದ್ದ ಮನೆಯಲ್ಲಿ ಅಪಾಯ ಜಾಸ್ತಿ ಇತ್ತು. ಐದು ಪ್ರಶ್ನೆಗಳಲ್ಲಿ ಜ್ವರದ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ.

ಊರಿನಲ್ಲಿ ನಾವು ಏನು ನೋಡಬಹುದು?

ಯೂರಿಯಾ ಪರೀಕ್ಷೆ ನಮ್ಮ ಊರಿನಲ್ಲಿ ಆಗುವುದಿಲ್ಲ. ಅದನ್ನು ಬಿಟ್ಟು ಉಳಿದ ನಾಲ್ಕನ್ನೇ ನೋಡುವ ಪದ್ಧತಿಯೂ ಇದೆ. ಅದರಲ್ಲಿ ಸೊನ್ನೆ ಬಂದರೆ ಮನೆಯ ಚಿಕಿತ್ಸೆ ನಡೆಯುತ್ತದೆ. ಒಂದೋ ಎರಡೋ ಬಂದರೆ ಆಸ್ಪತ್ರೆಗೆ ಕಳಿಸಬೇಕೇ ಎಂದು ಡಾಕ್ಟರು ನೋಡಿ ತೀರ್ಮಾನಿಸಬೇಕು. ಮೂರು, ನಾಲ್ಕು ಬಂದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಬಿ.ಪಿ. ನೋಡಲು ಉಪಕೇಂದ್ರದ ಸಿಸ್ಟರ್ ಇದ್ದಾರೆ. ವಯಸ್ಸು ನಮಗೆ ಗೊತ್ತು. ಬುದ್ಧಿ ಸರಿಯಿದೆಯೇ ಎಂದು ನಾಲ್ಕು ಮಾತು ಕೇಳಿದರೆ ತಿಳಿಯುತ್ತದೆ. ಉಳಿದದ್ದು ಉಸಿರು ಎಣಿಸುವುದು. ಅದಕ್ಕೆ ಬೇಕಾದದ್ದು ಒಂದು ನಿಮಿಷ, ಒಂದು ಗಡಿಯಾರ.

ದೊಡ್ಡವರ ಉಸಿರು ಎಣಿಸುವಾಗ ‘ನಿಮ್ಮ ಉಸಿರು ಎಣಿಸ್ತೀನಿ’ ಅಂತ ಹೇಳಬಾರದು. ಹೇಳಿದ ಕೂಡಲೇ ಉಸಿರಾಟದ ರೀತಿ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಂಡು ಎದೆ ಅಥವಾ ಹೊಟ್ಟೆ ಏರುವುದನ್ನು ನೋಡಿ ಎಣಿಸಿ. ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಬೇಕು. ನಡೆದು ಬಂದವರನ್ನು, ಕೆಲಸ ಮಾಡಿ ಬಂದವರನ್ನು ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ಎಣಿಸಿ.

ಅಂಕಕ್ಕೆ ಕಾಣದ ಅಪಾಯಗಳು

ಈ ಲೆಕ್ಕವೇ ಎಲ್ಲವೂ ಅಲ್ಲ. ಇದು ವೈದ್ಯರ ಬುದ್ಧಿಗೆ ಸಹಾಯ ಮಾಡುವ ಒಂದು ಸಾಧನ, ಅಷ್ಟೇ. ಸೊನ್ನೆ ಅಂಕ ಬಂದರೂ ಈ ಕೆಳಗಿನ ಸಂದರ್ಭಗಳಲ್ಲಿ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು:

- ಗರ್ಭಿಣಿಯರು, ಬಾಣಂತಿಯರು.
- ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ, ಪಿತ್ತಜನಕಾಂಗದ ಕಾಯಿಲೆ ಇದ್ದವರು, ಮೊದಲೇ ಉಬ್ಬಸ ಇದ್ದವರು.
- ಎಚ್‌ಐವಿ ಇರುವವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು.
- ನುಂಗಿದ ಮಾತ್ರೆ ನಿಲ್ಲದೆ ವಾಂತಿಯಾಗುವವರು.
- ತುಟಿ, ನಾಲಿಗೆ ನೀಲಿಗಟ್ಟಿದವರು, ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ಏದುಸಿರು ಬಿಡುವವರು, ಕಫದಲ್ಲಿ ರಕ್ತ ಬರುವವರು.
- ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ ಒಂಟಿ ಹಿರಿಯರು.

ಕೊನೆಯದನ್ನು ಯಾರೂ ಹಗುರವಾಗಿ ನೋಡಬೇಡಿ. ಮಾತ್ರೆ ಕೊಡಲು, ನೀರು ಕುಡಿಸಲು, ರಾತ್ರಿ ಉಸಿರು ನೋಡಲು ಒಬ್ಬರಿದ್ದರೆ ಮಾತ್ರ ‘ಮನೆಯಲ್ಲೇ ಚಿಕಿತ್ಸೆ’ ಎಂಬ ಮಾತಿಗೆ ಅರ್ಥ. ಅಕ್ಕಪಕ್ಕದಲ್ಲಿ ಅಂಥ ಅಜ್ಜಿ, ಅಜ್ಜ ಇದ್ದರೆ ಸಂಘದವರೇ ಸರದಿ ಹಾಕಿಕೊಳ್ಳಬಹುದು.

ಇನ್ನೊಂದು ಮುಖ್ಯ ವಿಷಯ ಆಮ್ಲಜನಕದ ಮಟ್ಟ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಾವೆಲ್ಲ ನೋಡಿದ್ದೇವೆ. ಕರ್ಬ್-65ರಲ್ಲಿ ಅದಕ್ಕೆ ಅಂಕ ಇಲ್ಲ. ಆದರೆ ಇಪ್ಪತ್ತೈದರ ಯುವಕನಿಗೂ ಆಕ್ಸಿಮೀಟರಿನಲ್ಲಿ 86 ಬಂದರೆ ಅಂಕ ಸೊನ್ನೆ ಎಂದು ಮನೆಯಲ್ಲಿ ಕೂರಿಸುವ ಹಾಗಿಲ್ಲ. 94ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಬೇಕು. 92ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಹೋಗಲೇಬೇಕು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಯಂತ್ರ ತಪ್ಪು ತೋರಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ತೋರಿಸುವುದೂ ಉಂಟು. ಹಾಗಾಗಿ ಯಂತ್ರ 95 ಎಂದು ಹೇಳಿದರೂ ಮನುಷ್ಯ ಏದುಸಿರು ಬಿಡುತ್ತಿದ್ದರೆ ನಂಬಬೇಕಾದದ್ದು ಮನುಷ್ಯನನ್ನು.

ದೊಡ್ಡಾಸ್ಪತ್ರೆಗಳಲ್ಲಿ ಇದಕ್ಕಿಂತ ವಿಸ್ತಾರವಾದ ಇನ್ನೊಂದು ಪದ್ಧತಿಯನ್ನೂ ಬಳಸುತ್ತಾರೆ. 1997ರಲ್ಲಿ ಅಮೆರಿಕದಲ್ಲಿ ರೂಪಿಸಿದ ಅದರಲ್ಲಿ ವಯಸ್ಸು, ಹಳೆಯ ಕಾಯಿಲೆಗಳು, ರಕ್ತ ಪರೀಕ್ಷೆ, ಎಕ್ಸ್‌ರೇ ಸೇರಿ 20 ವಿಷಯಗಳನ್ನು ನೋಡಿ ರೋಗಿಯನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಪ್ರಯೋಗಾಲಯ ಇರುವ ಕಡೆ ಅದು ಉಪಯುಕ್ತ. ಹೀಗಾಗಿ ಡಾಕ್ಟರು ಹಲವು ಪರೀಕ್ಷೆ ಬರೆದುಕೊಟ್ಟರೆ ಸುಮ್ಮನೆ ದುಡ್ಡು ಕೀಳುವುದಕ್ಕೆ ಎಂದು ತಿಳಿಯಬೇಡಿ. ಯಾಕೆ ಈ ಪರೀಕ್ಷೆ ಅಂತ ಕೇಳಿ. ಕೇಳುವ ಹಕ್ಕು ನಮಗಿದೆ.

ಮಕ್ಕಳ ಲೆಕ್ಕವೇ ಬೇರೆ

ತಾಯಂದಿರೇ, ಮೇಲೆ ಹೇಳಿದ ಅಂಕಗಳು ದೊಡ್ಡವರಿಗೆ ಮಾತ್ರ. ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಬೇರೆಯೇ ಮಾನದಂಡ ಹೇಳಿದೆ. ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿನ ಉಸಿರು ಒಂದು ನಿಮಿಷಕ್ಕೆ ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರಾಟ:

- ಎರಡು ತಿಂಗಳೊಳಗಿನ ಕೂಸು: 60
- ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು: 50
- ಒಂದು ವರ್ಷದಿಂದ ಐದು ವರ್ಷದೊಳಗಿನ ಮಗು: 40

ಮಗು ಅಳುತ್ತಿರುವಾಗ, ಹಾಲು ಕುಡಿಯುತ್ತಿರುವಾಗ ಎಣಿಸಬೇಡಿ. ತಾಯಿಯ ಮಡಿಲಲ್ಲಿ ಸಮಾಧಾನವಾಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆಯನ್ನು ನೋಡಿ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಬಂದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ.

ಅಂಗಿ ಎತ್ತಿದಾಗ ಇನ್ನೊಂದನ್ನು ನೋಡಬೇಕು. ಮಗು ಉಸಿರು ಎಳೆದುಕೊಂಡಾಗ ಎದೆ ಹೊರಗೆ ಬರಬೇಕು. ಅದರ ಬದಲು ಎದೆಯ ಕೆಳಭಾಗ, ಪಕ್ಕೆಯ ಕೆಳಗೆ, ಒಳಗೆ ಎಳೆದುಕೊಂಡರೆ ಕಾಯಿಲೆ ಜೋರಾಗಿದೆ ಎಂದು ತಿಳಿಯಿರಿ. ಅಂಥ ಮಗುವನ್ನು ಅದೇ ದಿನ ಆಸ್ಪತ್ರೆಗೆ ತೋರಿಸಿ.

ಇನ್ನು ಈ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೂ ಎಣಿಸುತ್ತಾ ಕೂರದೆ ಹೊರಡಬೇಕು: ಹಾಲು, ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದ ಹಾಗೆ ಮಂಕಾಗಿರುವುದು, ಸುಮ್ಮನಿದ್ದಾಗಲೂ ಉಸಿರಿನಲ್ಲಿ ಗೊರ್ ಎಂಬ ಸದ್ದು, ಆಕ್ಸಿಮೀಟರಿನಲ್ಲಿ 90ಕ್ಕಿಂತ ಕಡಿಮೆ. ಎರಡು ತಿಂಗಳೊಳಗಿನ ಕೂಸಾದರೆ ವೇಗದ ಉಸಿರು, ಮೈ ಬಿಸಿ, ಮೈ ತಣ್ಣಗಾಗುವುದು, ಹಾಲು ಬಿಡುವುದು, ಯಾವುದಿದ್ದರೂ ಆಸ್ಪತ್ರೆಯೇ ಗತಿ. ಅಷ್ಟು ಎಳೆಯ ಕೂಸಿಗೆ ಮನೆಮದ್ದಿನ ಪ್ರಯೋಗ ಬೇಡ.

ಉಸಿರು ಎಣಿಸುವ ಈ ಪದ್ಧತಿ ಬಂದದ್ದು ದೊಡ್ಡ ನಗರದಿಂದಲ್ಲ. ಪಪುವಾ ನ್ಯೂಗಿನಿ ಎಂಬ ಬಡ ಗುಡ್ಡಗಾಡು ದೇಶದಲ್ಲಿ ಡಾಕ್ಟರ್ ಫ್ರಾಂಕ್ ಶಾನ್ ಮತ್ತು ಸಂಗಡಿಗರು, ಎಕ್ಸ್‌ರೇ ಇಲ್ಲದ ಊರುಗಳಲ್ಲಿ ಯಾವ ಮಗುವಿಗೆ ಔಷಧ, ಯಾವ ಮಗುವಿಗೆ ಆಸ್ಪತ್ರೆ ಎಂದು ಹೇಗೆ ನಿರ್ಧರಿಸುವುದು ಎಂದು ಹುಡುಕಿದರು. 1984ರಲ್ಲಿ ಪ್ರಕಟವಾದ ಅವರ ಬರಹ ಉಸಿರಿನ ವೇಗ ಮತ್ತು ಎದೆಯ ಒಳಸೆಳೆತವನ್ನು ಮುಂದಿಟ್ಟಿತು. ನಮ್ಮ ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಇದೇ ವಿದ್ಯೆಯನ್ನು ಊರಿನ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ಕಲಿಸಿದರು. ಐವತ್ತರವರೆಗೆ ಎಣಿಸಲು ಬಾರದವರಿಗಾಗಿ ಮಣಿಗಳನ್ನು ಸರಿಸುತ್ತಾ ಎಣಿಸುವ ಒಂದು ಸಣ್ಣ ಸಾಧನವನ್ನೂ ಮಾಡಿಕೊಟ್ಟರು. ಆ ಊರುಗಳಲ್ಲಿ ಮಕ್ಕಳ ನ್ಯುಮೋನಿಯಾ ಸಾವು, ಅಂಥ ಕೆಲಸ ನಡೆಯದ ಊರುಗಳಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಾಯಿತು ಎಂದು 1990ರಲ್ಲಿ ವರದಿಯಾಯಿತು. ಓದು ಬರಹ ಬಾರದ ಸೂಲಗಿತ್ತಿಯರಿಗೆ ಸಾಧ್ಯವಾದದ್ದು ನಮಗೆ ಯಾಕೆ ಆಗಬಾರದು?

ಈಗ ಸರಕಾರವೂ ಇದನ್ನು ಕೈಗೆತ್ತಿಕೊಂಡಿದೆ. 2019ರಲ್ಲಿ ಆರಂಭವಾದ ‘ಸಾನ್ಸ್’ ಕಾರ್ಯಕ್ರಮದಲ್ಲಿ ಮಕ್ಕಳ ನ್ಯುಮೋನಿಯಾ ಗುರುತಿಸಲು ಆಶಾ ಕಾರ್ಯಕರ್ತೆಯರಿಗೆ, ಸಿಸ್ಟರ್‌ಗಳಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮಗೆ ಅನುಮಾನ ಬಂದರೆ ಮೊದಲು ಆಶಾ ಅಕ್ಕನನ್ನು ಕರೆದು ಎಣಿಸಲು ಹೇಳಿ.

ಮನೆಯಲ್ಲೇ ಚಿಕಿತ್ಸೆ ಎಂದರೆ ಸುಮ್ಮನಿರುವುದಲ್ಲ

ಡಾಕ್ಟರು ನೋಡಿ ‘ಮನೆಯಲ್ಲೇ ಇರಿ’ ಎಂದರೆ ನಮ್ಮ ಜವಾಬ್ದಾರಿ ಅಲ್ಲಿಂದ ಶುರು. ಬರೆದುಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ, ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಎರಡು ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಬಾರದು. ಕಳೆದ ವರ್ಷ ಉಳಿದ ಮಾತ್ರೆ, ಪಕ್ಕದ ಮನೆಯವರ ಮಾತ್ರೆ, ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಬೇಡವೇ ಬೇಡ. ಬಿಸಿ ನೀರು, ಗಂಜಿ, ಸಾರು ಚೆನ್ನಾಗಿ ಕುಡಿಯಲಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ.

ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಉಸಿರು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಎರಡು ದಿನ ಕಳೆದ ಮೇಲೆ ಮತ್ತೆ ಡಾಕ್ಟರಿಗೆ ತೋರಿಸಿ. ಆ ಚೀಟಿ ಅವರಿಗೆ ತುಂಬಾ ಸಹಾಯವಾಗುತ್ತದೆ. ನಡುವೆ ಉಸಿರಿನ ಸಂಖ್ಯೆ ಏರುತ್ತಾ ಹೋದರೆ, ಮಾತು ತಪ್ಪಿದರೆ, ಊಟ ನೀರು ಬಿಟ್ಟರೆ ಎರಡು ದಿನ ಆಗಲಿ ಅಂತ ಕಾಯಬೇಡಿ. ಇಂದು ಸೊನ್ನೆ ಇದ್ದ ಅಂಕ ನಾಳೆ ಎರಡಾಗಬಹುದು.

ಇನ್ನು ಒಂದು ಕಹಿ ಮಾತು. ಕೆಲವು ಕಡೆ ಉಸಿರು ಕಟ್ಟಿದ ಮಗುವಿನ ಹೊಟ್ಟೆ, ಎದೆಗೆ ಬರೆ ಹಾಕುವ ಪದ್ಧತಿ ಇನ್ನೂ ನಿಂತಿಲ್ಲ. ಹಿರಿಯರು ಒಳ್ಳೆಯದಾಗಲಿ ಅಂತಲೇ ಮಾಡುತ್ತಾರೆ. ಆದರೆ ಬರೆ ಶ್ವಾಸಕೋಶದೊಳಗಿನ ಕೀವನ್ನು ತೆಗೆಯುವುದಿಲ್ಲ, ಸುಟ್ಟ ಗಾಯವನ್ನೂ ಕಳೆದುಹೋದ ಒಂದು ದಿನವನ್ನೂ ಸೇರಿಸುತ್ತದೆ. ಹಿರಿಯರೊಂದಿಗೆ ಜಗಳ ಬೇಡ. “ಅಜ್ಜಿ, ಮೊದ್ಲು ಉಸಿರು ಎಣಿಸೋಣ, ಆಸ್ಪತ್ರೆಗೆ ತೋರ್ಸೋಣ” ಅಂತ ಕೈ ಹಿಡಿದು ಹೇಳಿ.

ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮು ಇದ್ದರೆ ಕ್ಷಯದ ಕಫ ಪರೀಕ್ಷೆಯನ್ನು ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಆಸ್ಪತ್ರೆಗೆ ಹೊರಡುವಾಗ

108ಕ್ಕೆ ಕರೆ ಮಾಡಿ. ದಾರಿ ಕೆಟ್ಟಿದ್ದು ಆಂಬುಲೆನ್ಸ್ ಬರುವುದು ತಡವಾದರೆ ಸಿಕ್ಕ ವಾಹನದಲ್ಲಿ ಮುಖ್ಯ ರಸ್ತೆಯವರೆಗೆ ಕರೆತನ್ನಿ. ಏದುಸಿರು ಇರುವವರನ್ನು ಅಂಗಾತ ಮಲಗಿಸಬೇಡಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಎಳೆಗೂಸನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗೆ ಹಿಡಿದುಕೊಳ್ಳಿ, ಆದರೆ ಮುಖ ಮುಚ್ಚಬೇಡಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬೇಡಿ.

ರೇಷನ್ ಕಾರ್ಡು, ಆಧಾರ್ ಕಾರ್ಡು, ಈವರೆಗೆ ನುಂಗಿದ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳು ಕೈಯಲ್ಲಿರಲಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಹಣ ಹೊಂದಿಸಿಕೊಂಡು ನಾಳೆ ಹೋಗೋಣ ಎಂಬ ಯೋಚನೆಯಲ್ಲೇ ಎಷ್ಟೋ ಜೀವಗಳು ಹೋಗಿವೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ. ಸಂಘದ ತುರ್ತು ಸಾಲಕ್ಕೆ ಸಭೆ ಸೇರುವ ತನಕ ಕಾಯಬೇಕಾಗಿಲ್ಲ ಎಂದು ಪ್ರತಿ ಸಂಘವೂ ಮೊದಲೇ ಠರಾವು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಬಾರದ ಹಾಗೆ ತಡೆಯೋಣ

ಮಕ್ಕಳಿಗೆ ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಲಸಿಕೆ 2017ರಿಂದ ಹಂತಹಂತವಾಗಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, 2021ರಲ್ಲಿ ದೇಶದ ಎಲ್ಲ ಕಡೆಗೂ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಇದನ್ನು ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡು ತೆಗೆದು ಮೂರೂ ಆಗಿದೆಯೇ ನೋಡಿ. ದಡಾರದ ಲಸಿಕೆಯನ್ನೂ ತಪ್ಪಿಸಬೇಡಿ, ದಡಾರದ ಹಿಂದೆಯೇ ನ್ಯುಮೋನಿಯಾ ಬರುವುದುಂಟು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ. ಸೌದೆ ಒಲೆಯ ಹೊಗೆ ತುಂಬಿದ ಅಡಿಗೆಮನೆಯಲ್ಲಿ ಮಗುವನ್ನು ಮಲಗಿಸಬೇಡಿ. ಮನೆಯೊಳಗೆ ಬೀಡಿ ಸೇದಲು ಬಿಡಬೇಡಿ. ಕೈ ತೊಳೆಯುವುದು ಎಲ್ಲರಿಗೂ ಅಭ್ಯಾಸವಾಗಲಿ.

ಮುಂದಿನ ಸಭೆಯಲ್ಲಿ ಮಾಡೋಣ

ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ಇಬ್ಬಿಬ್ಬರಾಗಿ ಕುಳಿತು, ಮೊಬೈಲಿನ ಗಡಿಯಾರ ಹಿಡಿದು ಒಬ್ಬರು ಇನ್ನೊಬ್ಬರ ಉಸಿರು ಎಣಿಸಿ. ಸಭೆಗೆ ಬಂದ ಮಕ್ಕಳ ಉಸಿರನ್ನೂ ಎಣಿಸಿ. ಆರೋಗ್ಯವಾಗಿರುವಾಗ ಎಷ್ಟು ಎಂದು ಗೊತ್ತಿದ್ದರೆ ಕಾಯಿಲೆ ಬಿದ್ದಾಗ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. 60, 50, 40 ಮತ್ತು ದೊಡ್ಡವರಿಗೆ 30, ಈ ನಾಲ್ಕು ಸಂಖ್ಯೆಗಳನ್ನು ಸಂಘದ ಪುಸ್ತಕದ ಒಳಪುಟದಲ್ಲಿ ಬರೆದು ಅಂಟಿಸಿ.

ಆ ಸೊಸೆ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಜ್ವರ ಇಲ್ಲದಿದ್ದರೂ ಗೊತ್ತಾಗುತ್ತಿತ್ತು. ಮಾತು ತಪ್ಪಿದ ದಿನವೇ ಉಸಿರು ಎಣಿಸಿದ್ದರೆ ಗೊತ್ತಾಗುವ ಸಾಧ್ಯತೆ ಇತ್ತು. ಆಗ ಹೋಗಿದ್ದರೂ ಅತ್ತೆ ಉಳಿಯುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು, ಎರಡು ದಿನ ಮುಂಚೆ ಚಿಕಿತ್ಸೆ ಸಿಗುತ್ತಿತ್ತು ಎಂದಷ್ಟೇ ಹೇಳಬಹುದು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಅಕ್ಕಾ. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅವರೇ ತಮ್ಮ ಸಂಘದಲ್ಲಿ ಉಸಿರು ಎಣಿಸುವುದನ್ನು ಕಲಿಸಲು ಮುಂದೆ ಬಂದಿದ್ದಾರೆ. ನೀವೂ ಕಲಿಯಿರಿ, ಪಕ್ಕದ ಮನೆಗೂ ಕಲಿಸಿ.